ಬ್ರಿಡ್ಜ್ ಮೋಡ್‌ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಮೋಡೆಮ್, ಪವರ್, ವ್ಯಾನ್

ಎಲ್ಲರಿಗೂ ನಮಸ್ಕಾರ.

ಮನೆಯ ಫೈಬರ್ ಇಂಟರ್‌ನೆಟ್‌ಗೆ ಸ್ವಂತ ರೂಟರ್ ಹಾಕಿಕೊಳ್ಳುವುದು ಹೇಗೆ ಅಂತ ಎರಡು ಪುಟದ ಕನ್ನಡ ಬರಹ ಸಿದ್ಧ ಮಾಡುತ್ತಿದ್ದೇನೆ. ನಮ್ಮ ಬೀದಿಯವರಿಗೆ, ಊರಲ್ಲಿರುವ ನೆಂಟರಿಗೆ ಕೊಡೋದಕ್ಕೆ. ಮಾಡುವ ಕೆಲಸ ಸುಲಭವೇ. ಬರೆಯಲು ಕೂತಾಗ ಕೆಲವು ಪದಗಳು ಕೈ ಕಟ್ಟಿಹಾಕುತ್ತಿವೆ. ನೀವು ಏನು ಬಳಸುತ್ತೀರಿ ತಿಳಿಸಿ.

ಮೊದಲು ಮೋಡೆಮ್. ಗೋಡೆಯಿಂದ ಬಂದ ತೆಳು ಎಳೆ, ತುದಿಯಲ್ಲಿ ಹಸಿರು ಕನೆಕ್ಟರ್, ಅದು ಹೋಗಿ ಸೇರುವ ಬಾಕ್ಸು. ಕಂಪನಿಯವರು ಇದನ್ನು ಓಎನ್‌ಟಿ ಅನ್ನುತ್ತಾರೆ. ಜನ ಮೋಡೆಮ್ ಅನ್ನುತ್ತಾರೆ. ಮೋಡೆಮ್ ಫೋನ್ ತಂತಿಯ ಕಾಲದ ಹೆಸರು, ಆದರೂ ಬಾಯಲ್ಲಿ ನಿಂತುಬಿಟ್ಟಿದೆ. ಅದಕ್ಕೆ ನನ್ನ ತಕರಾರಿಲ್ಲ. ತೊಂದರೆ ಬೇರೆ ಕಡೆ ಇದೆ: ವೈಫೈ ಕೊಡುವ ರೂಟರ್‌ಗೂ ಅದೇ ಜನ ಮೋಡೆಮ್ ಅನ್ನುತ್ತಾರೆ. 'ಹೊಸ ಮೋಡೆಮ್ ಹಾಕಿ' ಅಂತ ಬರೆದರೆ ಓದಿದವರು ಫೈಬರ್ ಎಳೆಯನ್ನೇ ಬಿಚ್ಚಿ ಹೊಸ ರೂಟರ್‌ಗೆ ಸಿಕ್ಕಿಸಲು ಹೋಗುತ್ತಾರೆ. ಸಾಮಾನ್ಯ ರೂಟರ್‌ನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಅಂಗಡಿಯಿಂದ ಬೇರೆ ಓಎನ್‌ಟಿ ತಂದರೂ ಸುಮ್ನೆ ನಡೆಯಲ್ಲ, ಅದರ ಸೀರಿಯಲ್ ನಂಬರ್ ಕಂಪನಿಯ ಕಡೆ ದಾಖಲಾಗಬೇಕು. ಹಾಗಾಗಿ ಹಳೆಯದು ಇದ್ದಲ್ಲೇ ಇರಬೇಕು, ಅದರ ಮುಂದೆ ಹೊಸದು ಬರಬೇಕು. ಎರಡಕ್ಕೂ ಬೇರೆ ಹೆಸರು ಬೇಕೇಬೇಕು. ನಾನು 'ಫೈಬರ್ ಬಾಕ್ಸ್' ಮತ್ತು 'ರೂಟರ್' ಅಂತ ಇಟ್ಟುಕೊಂಡಿದ್ದೇನೆ. (ರೌಟರ್ ಅನ್ನುವವರೂ ಇದ್ದಾರೆ. ಬಸ್ಸಿನ ರೂಟ್ ನಮಗೆ ಮೊದಲಿಂದಲೂ ಗೊತ್ತಲ್ವಾ, ಅದಕ್ಕೇ ರೂಟರ್ ವಾಸಿ.)

ನನಗೆ ಜಾಸ್ತಿ ತಲೆ ಕೆಡಿಸಿರುವುದು ಬ್ರಿಡ್ಜ್ ಮೋಡ್. ಕಂಪನಿ ಕೊಟ್ಟ ಫೈಬರ್ ಬಾಕ್ಸ್‌ನೊಳಗೇ ಒಂದು ಚಿಕ್ಕ ರೂಟರ್ ಇರುತ್ತದೆ. ಅದರ ಮುಂದೆ ನಮ್ಮದನ್ನೂ ಇಟ್ಟರೆ ಎರಡು ರೂಟರ್ ಒಂದೇ ಕೆಲಸ ಮಾಡುತ್ತವೆ, ಅಂದರೆ ಎರಡೂ ಕಡೆ ಇಂಟರ್‌ನೆಟ್ ವಿಳಾಸ (ಐಪಿ) ಬದಲಾಗುತ್ತದೆ. ವೆಬ್ ನೋಡಲು ಅಡ್ಡಿ ಆಗದು. ಮನೆಯ ಕ್ಯಾಮೆರಾಗೆ ಹೊರಗಿಂದ ನೇರ ದಾರಿ ಬೇಕಾದಾಗ, ಕೆಲವು ಆಟ ಆಡುವಾಗ ತೊಡಕು ಕಾಣುತ್ತದೆ. ಅದಕ್ಕೇ ಬಾಕ್ಸ್‌ನೊಳಗಿನ ರೂಟರ್ ಕೆಲಸವನ್ನು ನಿಲ್ಲಿಸಿ, ಬಂದದ್ದನ್ನು ಬಂದ ಹಾಗೇ ನಮ್ಮ ರೂಟರ್‌ಗೆ ಕೊಡುವಂತೆ ಮಾಡುವುದು. ಬಿಎಸ್‌ಎನ್‌ಎಲ್ ಫೈಬರ್‌ನಂತೆ ಪಿಪಿಪಿಓಇ (ಲಾಗಿನ್ ಆಗಿ ಸಂಪರ್ಕ ಪಡೆಯುವ ವಿಧಾನ) ಇರುವ ಕಡೆ ಯೂಸರ್‌ನೇಮ್, ಪಾಸ್‌ವರ್ಡ್ ಆಮೇಲೆ ನಮ್ಮ ರೂಟರ್‌ನಲ್ಲಿ ಹಾಕಬೇಕು. ವಿಲ್ಯಾನ್ ನಂಬರ್ (ಒಂದೇ ಲೈನಿನಲ್ಲಿ ಬರುವ ಸೇವೆಗಳನ್ನು ಬೇರೆ ಬೇರೆ ಗುರುತಿಸುವ ಸಂಖ್ಯೆ) ಇದ್ದರೆ ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು.

ಇದನ್ನು 'ಸೇತುವೆ ಸ್ಥಿತಿ' ಅಂದರೆ ಹೇಗೆ? ನನಗೆ ಒಪ್ಪುತ್ತಿಲ್ಲ. ಸೇತುವೆ ಅಂದಕೂಡಲೇ ಇಲ್ಲದ ಕಡೆ ಏನೋ ಹೊಸದು ಕಟ್ಟಿದ ಹಾಗೆ ಕೇಳುತ್ತದೆ. ಇಲ್ಲಿ ಆಗುವುದು ಉಲ್ಟಾ, ಬಾಕ್ಸ್ ಮಾಡುತ್ತಿದ್ದ ಒಂದು ಕೆಲಸ ಕೈಬಿಡುತ್ತದೆ. ಎರಡು ತುಂಡನ್ನು ಒಂದೇ ನೆಟ್‌ವರ್ಕ್ ಮಾಡುವುದು ಅನ್ನುವ ಅರ್ಥದಲ್ಲಿ ಎಂಜಿನಿಯರ್‌ಗಳಿಗೆ ಬ್ರಿಡ್ಜ್ ಸರಿಯೇ. ಮನೆಯಲ್ಲಿ ಕೂತು ಓದುವವರಿಗೆ ಅದು ಎಟುಕದು. ನನಗೆ ಹಿಡಿಸಿರುವುದು 'ಹಾಯಿಸು'. ಗದ್ದೆಗೆ ನೀರು ಹಾಯಿಸಿದ ಹಾಗೆ, ತಡೆಯದೆ ಮುಂದಕ್ಕೆ ಬಿಡುವುದು. ಆದರೆ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವುದು ಬ್ರಿಡ್ಜ್ ಅಂತಲೇ. ಲೈನ್‌ಮನ್ ಕೂಡ 'ಬ್ರಿಡ್ಜ್ ಮಾಡಿ ಕೊಡ್ತೀನಿ' ಅನ್ನುತ್ತಾನೆ. ಅದನ್ನು ಬಿಟ್ಟರೆ ಓದಿದವರು ಆ ಪುಟದಲ್ಲಿ ಏನನ್ನು ಹುಡುಕಬೇಕು? ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ಫೈಬರ್ ಬಾಕ್ಸನ್ನು ಬ್ರಿಡ್ಜ್‌ಗೆ ಹಾಕಿ. ಆಗ ಅದು ಬಂದದ್ದನ್ನೆಲ್ಲ ಹಾಗೇ ಹಾಯಿಸುತ್ತದೆ.' ಹೆಸರು ಹೊರಗಿನದು, ವಿವರಿಸುವ ಕ್ರಿಯಾಪದ ನಮ್ಮದು. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಇನ್ನು ಪವರ್. ಇದನ್ನು ಕಿವಿಯಾರೆ ಕೇಳಿದ್ದೇನೆ. ಬಾಕ್ಸ್‌ನಲ್ಲಿ ಕೆಂಪು ಲೈಟ್ ಮಿಣುಕುತ್ತಿತ್ತು. ಬಂದ ಹುಡುಗ ಎಳೆಗೆ ಮೀಟರ್ ಹಚ್ಚಿ ನೋಡಿ 'ಪವರ್ ಬರ್ತಿಲ್ಲ ಆಂಟಿ' ಅಂದ. ಪಕ್ಕದ ಮನೆಯವರು 'ಬರ್ತಿದೆಯಲ್ಲಪ್ಪಾ, ಫ್ಯಾನ್ ತಿರುಗ್ತಾ ಇದೆ' ಅಂದರು. ಅವನು ಹೇಳಿದ್ದು ಎಳೆಯೊಳಗೆ ಬರುವ ಬೆಳಕಿನ ಮಟ್ಟ. ಮನೆಗಳಲ್ಲಿ ಸಾಮಾನ್ಯವಾಗಿರುವ ಜಿಪಾನ್ (ಒಂದು ಬಗೆಯ ಫೈಬರ್ ವ್ಯವಸ್ಥೆ) ಬಾಕ್ಸ್‌ಗಳಿಗೆ ಅದು ಮೈನಸ್ 27 ಡಿಬಿಎಂಗಿಂತ (ಬೆಳಕಿನ ಮಟ್ಟ ಅಳೆಯುವ ಮಾನ) ಕೆಳಗಿಳಿದರೆ ಸಂಪರ್ಕ ನೆಚ್ಚುವಂತಿರುವುದಿಲ್ಲ. ನಮಗೆ ಪವರ್ ಅಂದರೆ ಕರೆಂಟು. ಕೆಂಪು ಲೈಟಿನ ಹೆಸರು 'ಲಾಸ್' (ಲಾಸ್ ಆಫ್ ಸಿಗ್ನಲ್, ಅಂದರೆ ಸಿಗ್ನಲ್ ಇಲ್ಲ), ಅದು ನಮ್ಮಲ್ಲಿ ವ್ಯಾಪಾರದ ನಷ್ಟ. 'ಬೆಳಕು ಬರ್ತಿಲ್ಲ' ಅಂತ ಬರೆದರೆ ನೇರವಾಗಿ ತಲುಪುತ್ತದೆ. ಆದರೆ ಒಂದು ಭಯ. ಬೆಳಕು ಅಂದಮೇಲೆ ಯಾರಾದರೂ ಎಳೆ ಬಿಚ್ಚಿ ತುದಿಗೆ ಕಣ್ಣಿಟ್ಟು ನೋಡಿಯಾರು. ಅದು 1490 ನ್ಯಾನೊಮೀಟರ್‌ನ ಲೇಸರ್, ಕಣ್ಣಿಗೆ ಕಾಣುವುದೇ ಇಲ್ಲ. ಹಾಗೆ ನೋಡಲೂಬಾರದು. ಈ ಪದ ಬಳಸಿದರೆ ಎಚ್ಚರಿಕೆಯ ಸಾಲು ಪಕ್ಕದಲ್ಲೇ ಇರಬೇಕು ಅನ್ನಿಸುತ್ತದೆ.

ಕೊನೆಯದು ಚಿಕ್ಕದು. ರೂಟರ್‌ನಲ್ಲಿ ಹೊರಗಿನ ಇಂಟರ್‌ನೆಟ್ ಕೇಬಲ್ ಸಿಕ್ಕಿಸುವ ಜಾಗಕ್ಕೆ WAN ಅನ್ನುತ್ತಾರೆ. ಕನ್ನಡದಲ್ಲಿ ವ್ಯಾನ್ ಪೋರ್ಟ್ ಅಂತ ಬರೆದರೆ ಕಣ್ಣ ಮುಂದೆ ಬರುವುದು ಶಾಲೆಯ ವ್ಯಾನು. 'ಹೊರ ಪೋರ್ಟ್', 'ಒಳ ಪೋರ್ಟ್' (ಮನೆಯೊಳಗಿನ ಸಾಧನಗಳಿಗೆ) ಅಂತ ಬರೆದು, ಪಕ್ಕದಲ್ಲಿ ರೂಟರ್ ಹಿಂಬದಿಯ ಚಿತ್ರ ಹಾಕೋಣ ಅಂತಿದ್ದೇನೆ. ಬಹಳಷ್ಟು ರೂಟರ್‌ಗಳಲ್ಲಿ ಹೊರಗಿನದಕ್ಕೆ ಬಣ್ಣವೇ ಬೇರೆ ಇರುತ್ತದೆ.

ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆಯವರು ದಯವಿಟ್ಟು ಬರೆಯಿರಿ. ನಿಮ್ಮಲ್ಲಿ ಕೇಬಲ್ ಎಳೆಯುವ ಹುಡುಗರು ಪವರ್‌ಗೆ, ಬ್ರಿಡ್ಜ್‌ಗೆ ಏನನ್ನುತ್ತಾರೆ? 'ಹಾಯಿಸು' ನಿಮ್ಮ ಕಡೆ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯಾ, ಇಲ್ಲಾ ಬೇರೆ ಮಾತು ಉಂಟಾ? ಬರಹವನ್ನು ಅಚ್ಚಿಗೆ ಕೊಡುವ ಮೊದಲು ಇವಿಷ್ಟು ಗೊತ್ತಾಗಬೇಕು.