ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ: ಪ್ರೈವೇಟಾಗಿ ಕಟ್ಟೋದಾ, ಓಪನ್ ಸ್ಕೂಲಾ?

ಹೊಸನಗರದವಳು: ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟೆ, ಈಗ 31. ಅಂಗನವಾಡಿ ಸಹಾಯಕಿ ಪೋಸ್ಟಿಗೆ ಎಸ್ಸೆಸ್ಸೆಲ್ಸಿ ಬೇಕಂತೆ. ಎರಡು ಮಕ್ಕಳು, ಗಣಿತ ಅಂದ್ರೆ ಭಯ. ಮಾಡಿದವರು ಹೇಳಿ.

ತೀರ್ಥಹಳ್ಳಿ ತೋಟ: ನಾನು ಎನ್‌ಐಓಎಸ್, ಅಂದ್ರೆ ರಾಷ್ಟ್ರೀಯ ಓಪನ್ ಸ್ಕೂಲ್. ಐದು ವಿಷಯ ಸಾಕು, ಗಣಿತದ ಬದಲು ಹೋಮ್ ಸೈನ್ಸ್ ತಗೊಂಡೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಬಿಟ್ರೆ ಅಕ್ಟೋಬರ್-ನವೆಂಬರ್, ಅದೇ ಬಂದಿದ್ದು ಗ್ರಹಚಾರ. ಮರ ಹತ್ತಿ ಅಡಿಕೆ ಗೊನೆ ಕೊಯ್ಯೋ ಕೊನೆಗಾರ ಸಿಗೋದೇ ಆಗ, ಗೊನೆ ಇಳಿಸಿದ ದಿನವೇ ಅಡಿಕೆ ಸುಲೀಬೇಕು, ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತು ಆಮೇಲೆ ಟಿಎಂಎ (ಮನೇಲಿ ಬರೆದು ಕೊಡೋ ಅಸೈನ್‌ಮೆಂಟ್) ಬರೆದಿದ್ದು, ಬೆರಳಿನ ಅಡಿಕೆ ಕರೆ ಹಾಳೆಗೆಲ್ಲ ಹತ್ತಿ ಎರಡು ಹಾಳೆ ಮತ್ತೆ ಬರೆದೆ. 20 ಮಾರ್ಕ್ಸ್ ಅದಕ್ಕೇ ಇರೋದು, ಬಿಡೋಕಾಗುತ್ತಾ? ಸುಲಿಯೋಕೆ ಆಳು ಇಟ್ಟ ಕೂಲಿನೇ ಪರೀಕ್ಷೆ ಫೀಸಿಗಿಂತ ಜಾಸ್ತಿ ಆಯ್ತು.

ಸಾಗರ ಡ್ರೈವರ್: ಗಣಿತ ಬಿಟ್ಟು ಪಾಸಾಗೋದು ಯಾವ ಪಾಸು ಮಾರಾಯ್ರೆ? ನಾನು ಪ್ರೈವೇಟಾಗಿ ಆರೂ ವಿಷಯ ಕಟ್ಟಿ 35ರ ಗೆರೆ ದಾಟಿದವನು. ಶಿವಮೊಗ್ಗದಲ್ಲಿ ಒಂದು ಟ್ಯುಟೋರಿಯಲ್ಲಿನವರು ಗ್ಯಾರಂಟಿ ಪಾಸ್ ಅಂತ 18 ಸಾವಿರ ಇಸ್ಕೊಂಡ್ರು, ಅರ್ಧ ವರ್ಷಕ್ಕೆ ಬಾಗಿಲಿಗೆ ಬೀಗ. ಬಸ್ ಚಾರ್ಜು, ಹೋಟೆಲ್ ಊಟ, ಬಾಡಿಗೆ ಬಿಟ್ಟ ದಿನ ಎಲ್ಲ ಡೈರೀಲಿ ಬರೆದಿಟ್ಟಿದೀನಿ. ಕೊನೆಗೆ ತಂಗಿ ಮಗಳು ಕೂತ್ಕೊಂಡು ವರ್ಗ ಸಮೀಕರಣ ಹೇಳಿಕೊಟ್ಳು.

ತೀರ್ಥಹಳ್ಳಿ ತೋಟ: ಯಾವ ಪಾಸು ಅಂದ್ರೆ? ಎನ್‌ಐಓಎಸ್ ಕೇಂದ್ರ ಸರ್ಕಾರದ್ದೇ ಬೋರ್ಡು, 1989ರಿಂದ ಇದೆ. ಮತ್ತೆ 35ರ ಜಂಭ ಬೇಡ, ಈಗ ನಿಮ್ಮ ಎಸ್ಸೆಸ್ಸೆಲ್ಸಿಗೂ 33ಕ್ಕೆ ಇಳಿಸಿದಾರೆ, ನಮ್ಮ ಸೊರಬದ ಮಧು ಬಂಗಾರಪ್ಪನವರೇ 2025ರಲ್ಲಿ ಶಿಕ್ಷಣ ಮಂತ್ರಿಯಾಗಿ ಹೇಳಿದ್ದು.

ಸಾಗರ ಡ್ರೈವರ್: ನಾನು ಬರೆದಾಗ 35 ಇತ್ತು. ಅದನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ.

ಭದ್ರಾವತಿ ಫಿಟ್ಟರ್: ಗಣಿತ ಬಿಡೋರು ಒಂದು ಸಲ ಯೋಚಿಸಿ. ನಮ್ಮ ಅಣ್ಣ ಬಿಟ್ಟು ಪಾಸಾದ, ಮನೇಲಿ ಸಿಹಿ ಹಂಚಿದ್ವಿ, ಡಿಪ್ಲೊಮಾಗೆ ಅರ್ಜಿ ಹಾಕೋಕೆ ಹೋದ್ರೆ ಗಣಿತ, ವಿಜ್ಞಾನ ಎಲ್ಲಿ ಅಂದ್ರು. ಎನ್‌ಐಓಎಸ್ ನೋಂದಣಿ ಐದು ವರ್ಷ ಇರುತ್ತೆ, ಏಳು ವಿಷಯದ ತನಕ ತಗೋಬಹುದು, ಹಂಗಾಗಿ ಆಮೇಲೆ ಸೇರಿಸಿ ಬರೆದ. ಅಷ್ಟರಲ್ಲಿ ಆ ವರ್ಷದ ಸೀಟು ಹೋಯ್ತು, ಕೆಲಸದ ರಜಾನೂ ಮುಗೀತು. ಈ ಡ್ರೈವರ್ ಅಣ್ಣಂಗೆ ಅದರ ಸಂಕಟ ಗೊತ್ತಿಲ್ಲ, ಬಾಡಿಗೆ ಗಾಡಿ ಓಡಿಸೋ ಬ್ಯಾಡ್ಜಿಗೆ ಎಂಟನೇ ಕ್ಲಾಸು ಸಾಕಿತ್ತಲ್ಲ.

ಸಾಗರ ಡ್ರೈವರ್: ಎಂಟನೇ ಕ್ಲಾಸು ರೂಲ್ 2019ರಲ್ಲೇ ತೆಗೆದ್ರು, ತಿಳ್ಕೊಂಡು ಮಾತಾಡಿ. ನಾನು ಬರೆದಿದ್ದು ಕೆಎಸ್ಸಾರ್ಟಿಸಿ ಡ್ರೈವರ್ ಪೋಸ್ಟಿಗೆ, ಅದಕ್ಕೆ ಹತ್ತನೇ ಕ್ಲಾಸು ಬೇಕೇ ಬೇಕು. ಸಂಕಟ ನಂಗೂ ಗೊತ್ತು.

ಭದ್ರಾವತಿ ಫಿಟ್ಟರ್: ಸಿಟ್ಟಿಗೆ ಹೇಳಿದ್ದಲ್ಲ ಅಣ್ಣ. ಆ ಟ್ಯುಟೋರಿಯಲ್ ದುಡ್ಡು ವಾಪಸ್ ಬಂತಾ?

ಸಾಗರ ಡ್ರೈವರ್: ರಸೀದಿ ಕೊಟ್ರೆ ತಾನೆ.

ತೀರ್ಥಹಳ್ಳಿ ತೋಟ: ಹೊಸನಗರದ ತಂಗಿ, ಅಂಗನವಾಡಿಗೆ ಗಣಿತ ಕೇಳಲ್ಲ. ಆದ್ರೆ ವಯಸ್ಸಿನ ಮಿತಿ ಇದೆ, ಅದನ್ನ ಮೊದಲು ವಿಚಾರಿಸು, ಏಪ್ರಿಲ್ ಪರೀಕ್ಷೆಗೇ ಕಟ್ಟು. ಇವರು ಜಗಳ ಆಡ್ಲಿ.