ಪುಸ್ತಕ ಮೊದಲೋ, ಸಿನಿಮಾ ಮೊದಲೋ? ಗೆಳೆಯರ ಅನುಭವ

ದಾವಣಗೆರೆಯ ಅಕ್ಕ ಕೇಳಿದ ಪ್ರಶ್ನೆ ಇದು: "ಮಗ ಒಂಬತ್ತನೆಯ ತರಗತಿ, ವಿಡಿಯೊ ಗೇಮ್ ಎಂದರೆ ಪ್ರಾಣ. 'ರೆಡಿ ಪ್ಲೇಯರ್ ಒನ್' ಕಾದಂಬರಿ ಓದುತ್ತೇನೆ ಎನ್ನುತ್ತಾನೆ. ಸಿನಿಮಾ ತೋರಿಸಿದರೆ ಸಾಲದೇ? ಫ್ರೆಡ್ಡಿ ಮರ್ಕ್ಯುರಿಯ ಸಿನಿಮಾವನ್ನೂ ನೋಡಬೇಕಂತೆ. ಅದರಲ್ಲಿ ಇರುವುದೆಲ್ಲ ನಿಜವೇ? ನೋಡಿದವರು ಹೇಳಿ."

ಇದನ್ನೇ ಹಿಡಿದು ನಾವು ಐದು ಜನ ಗೆಳೆಯರು ಎರಡು ಸಂಜೆ ಮಾತನಾಡಿದೆವು. ಒಮ್ಮತವೇನೂ ಆಗಲಿಲ್ಲ.

ಅಕ್ಕಾ, ಪುಸ್ತಕವನ್ನೇ ಮೊದಲು ಕೊಡಿ. ಅರ್ನೆಸ್ಟ್ ಕ್ಲೈನ್ ಬರೆದ ಈ ಕಾದಂಬರಿ 2011ರಲ್ಲಿ ಬಂತು. ಸ್ಪೀಲ್‌ಬರ್ಗ್ ಅದನ್ನು 2018ರಲ್ಲಿ ಸಿನಿಮಾ ಮಾಡಿದರು. ಅಮೆರಿಕದ ಎಂಬತ್ತರ ದಶಕದ ಆಟ, ಹಾಡು, ಚಿತ್ರಗಳ ನೆನಪು ಅದರ ತುಂಬ ಇದೆ. "ನಮಗೇನು ಸಂಬಂಧ? ನಾವು ಅಟಾರಿ ಎಂಬ ಆ ಕಾಲದ ಆಟದ ಯಂತ್ರವನ್ನು ಕಂಡೇ ಇಲ್ಲ" ಎಂದು ಮೈಸೂರಿನ ಗೆಳತಿ ಕೇಳಿದಳು. ನಾನು ಕಂಡದ್ದೂ ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಆಟದ ಡಬ್ಬಿಯನ್ನು ಮಾತ್ರ. ಕ್ಯಾಸೆಟ್ ಓಡದಿದ್ದರೆ ಹೊರಗೆ ತೆಗೆದು, ಬಾಯಿಂದ ಉಫ್ ಎಂದು ಊದಿ, ಮತ್ತೆ ಒತ್ತುತ್ತಿದ್ದೆವು. ಆದರೆ ಕಥಾನಾಯಕ ವೇಡ್ ಕೂಡ ಎಂಬತ್ತರ ದಶಕವನ್ನು ಕಂಡವನಲ್ಲ! ಅವನ ಕಥೆ ನಡೆಯುವುದು 2040ರ ದಶಕದಲ್ಲಿ. ಹ್ಯಾಲಿಡೇ ಎಂಬ ಮುದುಕ ತಾನು ಕಟ್ಟಿದ ಕಂಪ್ಯೂಟರ್ ಆಟದ ಲೋಕದಲ್ಲಿ ತನ್ನ ಆಸ್ತಿಯನ್ನು ಬಚ್ಚಿಟ್ಟು ಸತ್ತಿದ್ದಾನೆ, ಮೂರು ಕೀಲಿ ಹುಡುಕಿದವರಿಗೆ ಅದು ಸಿಗುತ್ತದೆ. ಅದಕ್ಕಾಗಿ ಅವನ ಬಾಲ್ಯವನ್ನು ವೇಡ್ ಓದಿ, ನೋಡಿ, ಆಡಿ ಕಲಿತಿದ್ದಾನೆ. ನಿಮ್ಮ ಮಗ ಅದನ್ನು ಓದುವಾಗ ವೇಡ್‌ನ ಪಕ್ಕದ ಬೆಂಚಿನಲ್ಲೇ ಕುಳಿತಿರುತ್ತಾನೆ.

ಸಿನಿಮಾದಲ್ಲಿ ಕಳೆದುಹೋದದ್ದು ಈ ಕಲಿಕೆಯೇ. ಕಾದಂಬರಿಯಲ್ಲಿ ಮೊದಲ ಕೀಲಿ ಸಿಗಬೇಕಾದರೆ ಉಷ್ಟ್ರಪಕ್ಷಿಯ ಮೇಲೆ ಕುಳಿತು ಕಾದುವ 'ಜೌಸ್ಟ್' ಎಂಬ ಹಳೆಯ ಆಟವನ್ನು ಗೆಲ್ಲಬೇಕು. ಅದು 1982ರ ಆಟ. ಆಮೇಲೆ ಒಂದು ಇಡೀ ಚಿತ್ರದ ಸಂಭಾಷಣೆಯನ್ನು, ನಾಯಕನ ಜಾಗದಲ್ಲಿ ನಿಂತು ಒಪ್ಪಿಸಬೇಕು. ಇದನ್ನು ಓದಿದಾಗ ನನಗೆ ನಮ್ಮ ಬೀದಿಯ ಅಣ್ಣಂದಿರು ಕಣ್ಣ ಮುಂದೆ ಬಂದರು. 'ಬಭ್ರುವಾಹನ' ಚಿತ್ರದ ಸಂಭಾಷಣೆಯನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿ, ಗಣಪತಿ ಪೆಂಡಾಲಿನಲ್ಲಿ ಉಸಿರು ಕಟ್ಟಿ ಹೇಳುತ್ತಿದ್ದರು. ಒಂದು ಪದ ತಪ್ಪಿದರೆ ಕೆಳಗೆ ಕುಳಿತವರೇ ತಿದ್ದುತ್ತಿದ್ದರು. ಆ ಪ್ರೀತಿಯನ್ನು ಪರೀಕ್ಷೆಯಾಗಿ ಇಟ್ಟ ಪುಸ್ತಕ ಇದು. ಸಿನಿಮಾದಲ್ಲಿ ಅದರ ಬದಲು ಕಾರಿನ ಪಂದ್ಯವಿದೆ. ಡೈನೋಸಾರ್, ಕಿಂಗ್ ಕಾಂಗ್ ಅಡ್ಡ ಬರುತ್ತವೆ. "ಇಬ್ಬರು ನಿಂತು ಗುಂಡಿ ಒತ್ತುವುದನ್ನು ತೆರೆಯ ಮೇಲೆ ಯಾರು ನೋಡುತ್ತಾರೆ? ಸ್ಪೀಲ್‌ಬರ್ಗ್ ಮಾಡಿದ್ದೇ ಸರಿ" ಎಂದು ಧಾರವಾಡದ ಗೆಳೆಯ ಪಟ್ಟು ಹಿಡಿದ. ಸಿನಿಮಾದ ಮಟ್ಟಿಗೆ ಅವನ ಮಾತು ಸರಿ, ನನಗೆ ಸಮಾಧಾನವಿಲ್ಲ.

ಒಂದನ್ನು ಮಾತ್ರ ಸಿನಿಮಾ ಉಳಿಸಿಕೊಂಡಿದೆ, ಅದನ್ನು ಮಗನಿಗೆ ತೋರಿಸಿ. 'ಅಡ್ವೆಂಚರ್' ಎಂಬ ಅಟಾರಿ ಆಟವನ್ನು ಬರೆದವರು ವಾರೆನ್ ರಾಬಿನೆಟ್. ಆಟ ಬರೆದವರ ಹೆಸರನ್ನು ಕಂಪನಿ ಹಾಕುತ್ತಿರಲಿಲ್ಲ. ಅದಕ್ಕೆ ಅವರು ಗೋಡೆಯ ಬಣ್ಣದಲ್ಲೇ ಕರಗಿಹೋಗುವ ಒಂದು ಬೂದು ಚುಕ್ಕೆಯನ್ನು ಆಟದಲ್ಲಿ ಇಟ್ಟರು. ಅದನ್ನು ಎತ್ತಿಕೊಂಡು ಸರಿಯಾದ ಜಾಗಕ್ಕೆ ಒಯ್ದರೆ ಗುಟ್ಟಿನ ಕೋಣೆ ತೆರೆಯುತ್ತದೆ, ಒಳಗೆ ಅವರ ಹೆಸರು. ಒಬ್ಬ ಕೆಲಸಗಾರ ತನ್ನ ಕೆಲಸಕ್ಕೆ ರುಜು ಹಾಕಿದ ಈ ಬಗೆ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇನ್ನು ಫ್ರೆಡ್ಡಿ, ಬ್ರಿಟನ್ನಿನ 'ಕ್ವೀನ್' ಎಂಬ ರಾಕ್ ತಂಡದ ಗಾಯಕ. ಇಲ್ಲಿ ನನ್ನ ಸಲಹೆ ತಿರುಗುಮುರುಗು: ಸಿನಿಮಾ ಮೊದಲು, ನಿಜ ಆಮೇಲೆ. ಅವರ ಕುರಿತ 'ಬೊಹಿಮಿಯನ್ ರಾಪ್ಸೊಡಿ'ಯಲ್ಲಿ ವೇದಿಕೆ ನಿಜ, ಕ್ಯಾಲೆಂಡರ್ ಸುಳ್ಳು. 1985ರ ಜುಲೈ 13ರ ಲೈವ್ ಏಯ್ಡ್ ಎಂಬ ಬರಪರಿಹಾರದ ಸಂಗೀತ ಕಚೇರಿಗೆ ಮೊದಲು ತಂಡ ಒಡೆದಿತ್ತು ಎಂದು ತೋರಿಸುತ್ತಾರೆ. ಒಡೆದಿರಲಿಲ್ಲ, ಆ ವರ್ಷವೂ ಅವರು ಊರೂರು ತಿರುಗಿ ಹಾಡುತ್ತಿದ್ದರು. ಕಚೇರಿಗೆ ಮುನ್ನವೇ ತನಗೆ ಏಡ್ಸ್ ಇದೆ ಎಂದು ಫ್ರೆಡ್ಡಿ ಗೆಳೆಯರಿಗೆ ಹೇಳುವ ದೃಶ್ಯವಿದೆ. ಅದು ಗೊತ್ತಾದದ್ದು 1987ರಲ್ಲಿ ಎಂದು ಅವರ ಸಂಗಾತಿಯೇ ಬರೆದಿದ್ದಾರೆ. ಒಬ್ಬ ಮನುಷ್ಯನ ಕಾಯಿಲೆಯ ದಿನಾಂಕವನ್ನು ಕಣ್ಣೀರಿಗಾಗಿ ಹಿಂದಕ್ಕೆ ಸರಿಸಿದ್ದು ನನಗೆ ನೋವು ತಂದಿತು. ಬೆಳಗಾವಿಯ ಗೆಳೆಯನ ದೂರು ಬೇರೆ: ಜಾಂಜಿಬಾರಿನ ಪಾರ್ಸಿ ಮನೆಯ ಹುಡುಗ ಫರೋಖ್ ಬುಲ್ಸಾರಾ (ಫ್ರೆಡ್ಡಿಯ ಹುಟ್ಟುಹೆಸರು) ಪಿಯಾನೊ ನುಡಿಸಿ, ಮೊದಲ ತಂಡ ಕಟ್ಟಿದ್ದು ನಮಗೆ ಅಷ್ಟೇನೂ ದೂರವಲ್ಲದ ಪಂಚಗಣಿಯ ಶಾಲೆಯಲ್ಲಿ. ಆ ವರ್ಷಗಳನ್ನು ಸಿನಿಮಾ ದಾಟಿಕೊಂಡೇ ಹೋಗುತ್ತದೆ.

ಆದರೂ ನೋಡಲಿ. ಮುಗಿದ ಕೂಡಲೇ ಅಸಲಿ ಕಚೇರಿಯ ದೃಶ್ಯ ಹಾಕಿ, ಇಪ್ಪತ್ತು ನಿಮಿಷ ಚಿಲ್ಲರೆ. ಪಿಯಾನೊದ ಮೇಲೆ ಪೆಪ್ಸಿ ಲೋಟಗಳಿವೆ. ಸಿನಿಮಾದವರು ಅವನ್ನೂ ಬಿಟ್ಟಿಲ್ಲ. ಮಗ ಅವನ್ನು ಪತ್ತೆಹಚ್ಚಲಿ.

ಇನ್ನೊಬ್ಬ ಬ್ರಿಟಿಷ್ ಗಾಯಕ ಎಲ್ಟನ್ ಜಾನ್ ಕುರಿತ 'ರಾಕೆಟ್‌ಮ್ಯಾನ್' ನಮ್ಮೆಲ್ಲರ ಮೆಚ್ಚಿನದು. 1972ರ ಹಾಡನ್ನು 1970ರ ವೇದಿಕೆಯಲ್ಲಿ ಹಾಡಿಸುತ್ತಾರೆ, ಕೇಳುವವರ ಕಾಲು ನೆಲ ಬಿಟ್ಟು ಮೇಲೇಳುತ್ತದೆ. ಕನಸೆಂದು ಒಪ್ಪಿಕೊಂಡೇ ಹೇಳುವುದರಿಂದ ಮೋಸವೆನಿಸುವುದಿಲ್ಲ. ನಟ ಟ್ಯಾರನ್ ಎಜರ್ಟನ್ ತಾವೇ ಹಾಡಿದ್ದಾರೆ. ಆದರೆ ಮಾದಕವಸ್ತು, ಹಾಸಿಗೆಯ ದೃಶ್ಯಗಳು ಇವೆ. ಒಂಬತ್ತನೆಯ ತರಗತಿಗೆ ಬೇಡ.

ಬದಲಿಗೆ 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ' ತೋರಿಸಿ, ಅಜ್ಜನನ್ನೂ ಪಕ್ಕದಲ್ಲಿ ಕೂರಿಸಿ. ಆ ಚಿತ್ರ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ನಮ್ಮ ಐವರಲ್ಲಿ ಒಬ್ಬ ಚಿತ್ರ ನೋಡಿದ ವಾರವೇ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿದ್ದ. ಕಣ್ಣು ಕಾಣದ ಹುಡುಗನೊಬ್ಬ ಹಾರ್ಮೋನಿಯಂ ಮನೆಗಳನ್ನು ಬೆರಳಿನಿಂದ ಸವರಿ ಸವರಿ, ಒಂದೇ ಸ್ವರಪಂಕ್ತಿಯನ್ನು ಅರ್ಧ ಗಂಟೆ ನುಡಿಸುತ್ತಿದ್ದನಂತೆ. ಇವನು ಬಾಗಿಲ ಬಳಿಯೇ ನಿಂತಿದ್ದನಂತೆ, ಒಳಗೆ ಹೋಗಲು ಮನಸ್ಸಾಗದೆ.

ಕಾದಂಬರಿ ನನ್ನಲ್ಲಿ ಇದೆ, ಅಕ್ಕಾ. ಅಂಚಿನಲ್ಲಿ ಆಟಗಳ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ, ಅಳಿಸುವುದು ಬೇಡ. ನಾನು ಬಿಟ್ಟದ್ದನ್ನು ಅವನೂ ಬರೆಯಲಿ. ವಿಳಾಸ ಕಳುಹಿಸಿ.