ಅಪ್‌ಡೇಟ್: ಅಡಿಕೆ ವಿಮೆ ಹಣ ಸಿಕ್ಕಿತು

ಮಳೆ ಹೆಚ್ಚಾದಾಗ ಬರುವ ಕೊಳೆರೋಗಕ್ಕೆ ಅಡಿಕೆ ಉದುರಿದರೂ ವಿಮೆ ಹಣ ಬಂದಿಲ್ಲ, ತೋಟ ನೋಡಲೂ ಯಾರೂ ಬಂದಿಲ್ಲ ಅಂತ ಶಿರಸಿಯಿಂದ ಕೇಳಿದ್ದೆನಲ್ಲ, ಬಗೆಹರಿಯಿತು.

ಆಗ ಉತ್ತರ ಕೊಟ್ಟ ನೀವು ಹೇಳಿದ್ದೇ ಸರಿ. ಇದು ಹವಾಮಾನ ಆಧಾರಿತ ವಿಮೆ, ತೋಟಕ್ಕೆ ಯಾರೂ ಬರುವುದಿಲ್ಲ. ಮರದ ಬುಡದಲ್ಲಿ ಬಿಳಿ ಬೂಸ್ಟು ಹಿಡಿದ ಕಾಯಿ ರಾಶಿ ಬಿದ್ದಿರಲಿ, ಲೆಕ್ಕಕ್ಕೆ ಬರುವುದು ಪಂಚಾಯ್ತಿಯ ಮಳೆಮಾಪಕದಂಥ ಹವಾಮಾನದ ಅಳತೆ ಮಾತ್ರ. (ನನಗಂತೂ ಇದು ಇನ್ನೂ ಒಪ್ಪಿಗೆಯಿಲ್ಲ.)

ಸಂರಕ್ಷಣೆ ಪೋರ್ಟಲ್‌ನಲ್ಲಿ (ರಾಜ್ಯ ಸರ್ಕಾರದ ಬೆಳೆ ವಿಮೆ ಜಾಲತಾಣ) ನೋಡಿದರೆ ಹಣ ಜಮಾ ಅಂತಿತ್ತು! ನಾವು ಸಹಕಾರಿ ಸೊಸೈಟಿ ಖಾತೆ ನೋಡುತ್ತಾ ಕೂತಿದ್ದೆವು. ಹಣ ಆಧಾರ್ ಜೋಡಣೆಯಾದ ಅಪ್ಪಯ್ಯನ ಇನ್ನೊಂದು ಬ್ಯಾಂಕ್ ಖಾತೆಗೆ ಹೋಗಿತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಿದ ಮೇಲೇ ಅಪ್ಪಯ್ಯ ನಂಬಿದ್ದು.

ನಾವು ಕಟ್ಟಿದ್ದು ವಿಮಾ ಮೊತ್ತದ ಶೇ. 5, ಅಂದರೆ ಹೆಕ್ಟೇರಿಗೆ 1,28,000ಕ್ಕೆ 6,400 ರೂಪಾಯಿ. ಮುಂದಿನ ಸಲ ಕಾಳುಮೆಣಸಿಗೂ ಕಟ್ಟುತ್ತೇವೆ.